ಜಂಗು ಹಿಡಿದ ಬಿಡಿಭಾಗ: ಗುಜರಿಯೋ, ದಾಸ್ತಾನೋ?

ಪ್ರತಿ ವರ್ಷ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ವಾಹನ ಬಿಡಿಭಾಗಗಳ ವ್ಯಾಪಾರಸ್ಥರು ತಮ್ಮ ಅಂಗಡಿಯ ದಾಸ್ತಾನನ್ನು ಎಣಿಸುತ್ತಾರೆ. ಮುಂಭಾಗದ ಕಪಾಟುಗಳಲ್ಲಿರುವ ಸರಕಿನ ಎಣಿಕೆ ಅರ್ಧ ದಿನದಲ್ಲಿ ಮುಗಿಯುತ್ತದೆ. ತೊಡಕು ಉಂಟಾಗುವುದು ಹಿಂದಿನ ಕೋಣೆಯಲ್ಲಿ. ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡು ಮಾರಾಟವಾಗದೆ ಉಳಿದ ಬ್ರಾಕೆಟ್‌ಗಳು, ಹಳೆಯ ಮಾದರಿಯ ಪುಲ್ಲಿಗಳು, ಸ್ಟ್ಯಾಂಡುಗಳು, ಮ್ಯಾನಿಫೋಲ್ಡ್‌ಗಳು ಅಲ್ಲಿ ಜಂಗು ಹಿಡಿದು ಬಿದ್ದಿರುತ್ತವೆ. ಅವುಗಳಿಗೆ ಲೆಕ್ಕದ ಪುಸ್ತಕದಲ್ಲಿ ಒಂದು ಬೆಲೆ, ಗುಜರಿ ವ್ಯಾಪಾರಿಯ ತಕ್ಕಡಿಯಲ್ಲಿ ಇನ್ನೊಂದು ಬೆಲೆ. ಇವೆರಡರ ನಡುವಿನ ಅಂತರವನ್ನು ಆ ವರ್ಷದ ನಷ್ಟವೆಂದು ಬರೆದು ಬಹುತೇಕರು ಸುಮ್ಮನಾಗುತ್ತಾರೆ.

ಈ ನಷ್ಟ ಪೂರ್ತಿ ಅನಿವಾರ್ಯವಲ್ಲ. ಒಂದು ಪ್ಲಾಸ್ಟಿಕ್ ಬಕೆಟ್, ಒಂದಿಷ್ಟು ವಾಷಿಂಗ್ ಸೋಡಾ, ಒಂದು ಬ್ಯಾಟರಿ ಚಾರ್ಜರ್ ಇವುಗಳಿಂದ ಕಬ್ಬಿಣದ ಮೇಲಿನ ಜಂಗನ್ನು ಲೋಹಕ್ಕೆ ಹಾನಿಯಾಗದಂತೆ ತೆಗೆಯಬಹುದು. ವಿದ್ಯುದ್ವಿಭಜನೆ, ಅಂದರೆ ಎಲೆಕ್ಟ್ರೋಲಿಸಿಸ್, ಎಂಬ ಈ ವಿಧಾನವನ್ನು ಹಳೆಯ ವಾಹನಗಳ ಆಸಕ್ತರು ಮನೆಯ ಹಿತ್ತಲಿನಲ್ಲಿಯೇ ಮಾಡುತ್ತಾರೆ. ಆದರೆ ಹವ್ಯಾಸಕ್ಕೆ ಸರಿಹೋಗುವುದೆಲ್ಲ ವ್ಯಾಪಾರಕ್ಕೆ ಹಾಗೆಯೇ ಸರಿಹೋಗುವುದಿಲ್ಲ. ಜಂಗು ತೆಗೆಯುವುದು ಅಗ್ಗ. ಯಾವ ಭಾಗದ ಜಂಗು ತೆಗೆಯಬೇಕು ಮತ್ತು ಅದನ್ನು ಏನೆಂದು ಹೇಳಿ ಮಾರಬೇಕು ಎಂಬ ತೀರ್ಮಾನದಲ್ಲಿಯೇ ಲಾಭ–ನಷ್ಟಗಳೆರಡೂ ಅಡಗಿವೆ. ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರದ ವ್ಯಾಪಾರಸ್ಥರು, ಗ್ಯಾರೇಜುದಾರರು ಮತ್ತು ಕೃಷಿ ಉಪಕರಣ ತಯಾರಕರು ಈ ವಿಷಯವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಒಣ ಪ್ರದೇಶದಲ್ಲಿಯೂ ಜಂಗು ಏಕೆ?

ವಿಜಯಪುರ ಜಿಲ್ಲೆಯಲ್ಲಿ ಮಳೆ ಕಡಿಮೆ. ಕರಾವಳಿಯ ಉಪ್ಪುಗಾಳಿಯೂ ಇಲ್ಲಿಲ್ಲ. ಆದರೂ ಇಲ್ಲಿಯ ಕಬ್ಬಿಣ ಜಂಗು ಹಿಡಿಯುತ್ತದೆ. ಇದಕ್ಕೆ ಮುಖ್ಯ ಕಾರಣ ಈ ಭಾಗದ ಬೇಸಾಯ ಮತ್ತು ನೀರು. ಅಥಣಿ ಕಡೆಗೆ ಹೋಗುವ ದಾರಿಯ ತಿಕೋಟಾ, ಜಮಖಂಡಿ ಕಡೆಯ ದಾರಿಯ ಬಬಲೇಶ್ವರ, ಇವೆರಡರ ಸುತ್ತಲೂ ದ್ರಾಕ್ಷಿ ತೋಟಗಳಿವೆ. ಏಪ್ರಿಲ್ ಹಾಗೂ ಅಕ್ಟೋಬರ್ ಸುಮಾರಿನ ಎರಡು ಚಾಟನಿಗಳ ನಂತರ ತೋಟಗಳಲ್ಲಿ ಔಷಧಿ ಸಿಂಪರಣೆ ನಿರಂತರವಾಗಿ ನಡೆಯುತ್ತದೆ. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣದಲ್ಲಿ ಸುಣ್ಣ ಕಡಿಮೆಯಾದರೆ ಉಳಿದ ತಾಮ್ರದ ಅಂಶವು ಕಬ್ಬಿಣದ ಮೇಲೆ ಕುಳಿತು, ಕಬ್ಬಿಣವು ಕರಗಿ ಹೋಗುತ್ತದೆ. ರಸಗೊಬ್ಬರದ ಲವಣಗಳು ಗಾಳಿಯ ತೇವವನ್ನು ಹೀರಿ ಟ್ರಾಲಿ, ಬ್ರಾಕೆಟ್, ಬೋಲ್ಟ್‌ಗಳ ಸಂದುಗಳಲ್ಲಿ ಕುಳಿತುಕೊಳ್ಳುತ್ತವೆ. ಡೋಣಿ ನದಿಯ ಆಸುಪಾಸಿನ ಸವಳು ನೀರಿನಿಂದ ವಾಹನ ತೊಳೆದರೆ ಉಪ್ಪಿನ ಅಂಶ ಲೋಹದ ಮೇಲೆಯೇ ಉಳಿಯುತ್ತದೆ. ಅನಂತರ ಮಳೆಗಾಲದ ಮೂರು ನಾಲ್ಕು ತಿಂಗಳು ಉಪಕರಣಗಳು ಕೆಲಸವಿಲ್ಲದೆ ನಿಂತಿರುತ್ತವೆ. ಜಂಗಿಗೆ ಇಷ್ಟು ಸಾಕು.

ಇನ್ನೊಂದು ಕಡೆ, ಹಳೆಯ ಬಿಡಿಭಾಗಗಳಿಗೆ ಬೇಡಿಕೆ ಇದ್ದೇ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆ ಆರಂಭಿಸಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಮಾರಾಟ ಮಾಡಿ, 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದರೂ ಅವು ಹೊಸ ವಿನ್ಯಾಸದ ವಾಹನಗಳು. ಹಳೆಯ ವಾಹನದ ಮಾಲೀಕರು ಇಂದಿಗೂ ಹಳೆಯ ಭಾಗಗಳನ್ನೇ ಹುಡುಕುತ್ತಾರೆ. ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ತಯಾರಿಕೆ ನಿಂತ ಮಾತ್ರಕ್ಕೆ ವಾಹನ ನಿಲ್ಲುವುದಿಲ್ಲ. ಹೊಸ ಭಾಗ ಸಿಗದಿದ್ದಾಗ ಅಂಗಡಿಯ ಹಿಂದಿನ ಕೋಣೆಯ ಜಂಗು ಹಿಡಿದ ಭಾಗಕ್ಕೆ ತಕ್ಕಡಿಯ ಬೆಲೆಗಿಂತ ಹೆಚ್ಚಿನ ಬೆಲೆ ಬರುತ್ತದೆ.

ವಿಧಾನದ ಸ್ವರೂಪ

ಈ ವಿಧಾನ ಹೊಸದಲ್ಲ. ವಿದ್ಯುದ್ವಿಭಜನೆಯ ನಿಯಮಗಳನ್ನು ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿಯೇ ನಿರೂಪಿಸಿದ್ದನು. 1862ರಲ್ಲಿ ಸಮುದ್ರದಲ್ಲಿ ಮುಳುಗಿದ ಅಮೆರಿಕದ ಯುದ್ಧನೌಕೆ ಮಾನಿಟರ್‌ನ ಕಬ್ಬಿಣದ ಗೋಪುರವನ್ನು 2002ರಲ್ಲಿ ಮೇಲೆತ್ತಿ, ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್‌ನ ವಸ್ತುಸಂಗ್ರಹಾಲಯದಲ್ಲಿ ಕ್ಷಾರ ದ್ರಾವಣದ ಬೃಹತ್ ತೊಟ್ಟಿಯಲ್ಲಿಟ್ಟು ಇದೇ ತತ್ತ್ವದಿಂದ ಸಂರಕ್ಷಿಸುತ್ತ ಬಂದಿದ್ದಾರೆ. ಅಲ್ಲಿ ವರ್ಷಗಟ್ಟಲೆ ನಡೆಯುವ ಕೆಲಸವೇ ಇಲ್ಲಿ ಒಂದು ರಾತ್ರಿಯಲ್ಲಿ ಬಕೆಟ್‌ನೊಳಗೆ ನಡೆಯುತ್ತದೆ.

ಇಪ್ಪತ್ತು ಲೀಟರ್ ನೀರಿಗೆ ಸುಮಾರು 200 ಗ್ರಾಂ ವಾಷಿಂಗ್ ಸೋಡಾ ಕರಗಿಸಬೇಕು. ಅಡುಗೆ ಸೋಡಾ ಬೇರೆ, ವಾಷಿಂಗ್ ಸೋಡಾ ಬೇರೆ ಎಂಬುದನ್ನು ಗಮನಿಸಬೇಕು. ಅಡುಗೆ ಸೋಡಾದಿಂದ ಕೆಲಸ ನಿಧಾನ. ಬಕೆಟ್‌ನ ಒಳಬದಿಗೆ ಸಾಧಾರಣ ಉಕ್ಕಿನ ತಗಡು ಅಥವಾ ಸರಳಿನ ತುಂಡುಗಳನ್ನು ನಿಲ್ಲಿಸಿ, ಅವೆಲ್ಲವನ್ನೂ ತಂತಿಯಿಂದ ಜೋಡಿಸಬೇಕು. ಜಂಗು ಹಿಡಿದ ಭಾಗದ ಗ್ರೀಸ್ ಮತ್ತು ಮಣ್ಣನ್ನು ಮೊದಲು ತೊಳೆದು, ಒಂದು ಕಡೆ ಲೋಹ ಕಾಣುವಂತೆ ಉಜ್ಜಿ, ಸರಳುಗಳಿಗೆ ತಾಗದಂತೆ ಮಧ್ಯದಲ್ಲಿ ತೂಗುಹಾಕಬೇಕು. ಹನ್ನೆರಡು ವೋಲ್ಟ್ ಚಾರ್ಜರ್‌ನ ನೆಗೆಟಿವ್ ತಂತಿ ಬಿಡಿಭಾಗಕ್ಕೆ, ಪಾಸಿಟಿವ್ ತಂತಿ ಸರಳುಗಳಿಗೆ ಸೇರಬೇಕು. ಇದು ತಿರುಗುಮುರುಗಾದರೆ ಸರಳಿನ ಬದಲು ಬಿಡಿಭಾಗವೇ ಕರಗಲಾರಂಭಿಸುತ್ತದೆ. ಪಾಸಿಟಿವ್ ಕ್ಲಿಪ್ ನೀರಿನಿಂದ ಮೇಲಿರಬೇಕು. ಬ್ಯಾಟರಿ ಕಾಣದಿದ್ದರೆ ಚಾಲೂ ಆಗದ ಸ್ವಯಂಚಾಲಿತ ಚಾರ್ಜರ್‌ಗಳು ಈ ಕೆಲಸಕ್ಕೆ ಬರುವುದಿಲ್ಲ; ಹಳೆಯ ಸಾದಾ ಚಾರ್ಜರ್ ಬೇಕು.

ವಿದ್ಯುತ್ ಹರಿದಾಗ ಬಿಡಿಭಾಗದ ಮೈಮೇಲೆ ಜಲಜನಕದ ಗುಳ್ಳೆಗಳು ಏಳುತ್ತವೆ. ಕೆಂಪು ಜಂಗಿನ ಒಂದು ಅಂಶ ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಉಳಿದದ್ದು ಸಡಿಲವಾಗಿ ಉದುರುತ್ತದೆ. ಕೆಲಸ ಮುಖ್ಯವಾಗಿ ಸರಳಿನ ಎದುರಿಗಿರುವ ಮೈಯಲ್ಲಿ ಆಗುವುದರಿಂದ ಸುತ್ತಲೂ ಸರಳುಗಳಿರಬೇಕು, ಇಲ್ಲವೇ ಭಾಗವನ್ನು ನಡುನಡುವೆ ತಿರುಗಿಸಬೇಕು. ಮುಟ್ಟುವ ಮೊದಲು ಪ್ರತಿ ಸಲವೂ ವಿದ್ಯುತ್ ಸಂಪರ್ಕ ಕಡಿತಗೊಳಿಸಬೇಕು. ಹೊರತೆಗೆದ ಭಾಗವನ್ನು ಬ್ರಷ್‌ನಿಂದ ಉಜ್ಜಿ, ತೊಳೆದು, ಕೂಡಲೇ ಒಣಗಿಸಿ, ಎಣ್ಣೆ ಅಥವಾ ಪ್ರೈಮರ್ ಹಚ್ಚಬೇಕು. ಒಂದೆರಡು ಗಂಟೆ ತಡವಾದರೂ ಹೊಸ ಜಂಗಿನ ತೆಳುಪದರ ಮತ್ತೆ ಮೂಡುತ್ತದೆ. ಸೋಡಾ ಖರ್ಚಾಗುವುದಿಲ್ಲ; ನೀರು ಇಂಗಿದಷ್ಟು ಸೇರಿಸಿ ಅದೇ ದ್ರಾವಣವನ್ನು ಹಲವು ಸಲ ಬಳಸಬಹುದು.

ಈ ಭಾಗಕ್ಕೆ ಸಂಬಂಧಿಸಿದ ಎರಡು ಸಂಗತಿಗಳಿವೆ. ಮೊದಲನೆಯದು, ಒಣದ್ರಾಕ್ಷಿ ತಯಾರಿಸುವ ಬೆಳೆಗಾರರು ಹಣ್ಣನ್ನು ಅದ್ದಲು ಡಿಪ್ಪಿಂಗ್ ಆಯಿಲ್ ಜೊತೆ ಪೊಟ್ಯಾಸಿಯಂ ಕಾರ್ಬೊನೇಟ್ ಬಳಸುತ್ತಾರೆ. ಅದು ವಾಷಿಂಗ್ ಸೋಡಾದ ಸೋದರ ಲವಣ. ಜಂಗಿನ ಕೆಲಸಕ್ಕೂ ಅಷ್ಟೇ ಚೆನ್ನಾಗಿ ಒದಗುತ್ತದೆ. ಎಣ್ಣೆ ಬೆರೆಸದ ಪುಡಿಯನ್ನೇ ಬಳಸಬೇಕು ಮತ್ತು ಜಂಗಿಗೆ ಬಳಸಿದ ಪಾತ್ರೆಯನ್ನು ಮತ್ತೆಂದೂ ಹಣ್ಣಿಗೆ ಬಳಸಬಾರದು. ಎರಡನೆಯದು ನೀರು. ಗಡಸು ನೀರಿಗೆ ಸೋಡಾ ಹಾಕಿದಾಗ ಬಿಳಿಯ ಗಸಿ ಮೂಡುವುದರಿಂದ ಹಾನಿಯಿಲ್ಲ. ಆದರೆ ಸವಳು ನೀರನ್ನು ಬಳಸಬಾರದು. ಕೆಲಸ ಬೇಗ ಆಗಲೆಂದು ಅಡುಗೆ ಉಪ್ಪನ್ನಂತೂ ಹಾಕಲೇಬಾರದು. ಉಪ್ಪಿನಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಲೋಹದ ಸಂದಿನಲ್ಲಿ ಉಳಿದ ಕ್ಲೋರೈಡ್ ಮರುದಿನದಿಂದಲೇ ಜಂಗನ್ನು ಮರಳಿ ಕರೆಯುತ್ತದೆ.

ಆ್ಯಸಿಡ್‌ಗಿಂತ ಮೇಲು, ಆದರೆ ನಿರಪಾಯವಲ್ಲ

ಅನೇಕ ಗ್ಯಾರೇಜುಗಳಲ್ಲಿ ಜಂಗು ತೆಗೆಯಲು ಹೈಡ್ರೋಕ್ಲೋರಿಕ್ ಆ್ಯಸಿಡ್ ಬಳಸುವುದು ರೂಢಿ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುವುದೇ ಅದರ ಆಕರ್ಷಣೆ. ಆದರೆ ಆ್ಯಸಿಡ್‌ಗೆ ಜಂಗು ಮತ್ತು ಲೋಹದ ಭೇದ ತಿಳಿಯದು. ಒಂದು ಗಳಿಗೆ ಮೈಮರೆತರೆ ಅದು ಒಳ್ಳೆಯ ಲೋಹವನ್ನೂ ತಿನ್ನುತ್ತದೆ. ಅದರ ಹೊಗೆ ಅದೇ ಕೋಣೆಯಲ್ಲಿರುವ ಹೊಸ ಉಪಕರಣಗಳಿಗೆ ಜಂಗು ಹಿಡಿಸುತ್ತದೆ. ಕೆಲಸಗಾರನ ಕೈ, ಕಣ್ಣು, ಶ್ವಾಸಕೋಶಗಳಿಗೆ ಅಪಾಯ ತರುತ್ತದೆ. ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ನೀಡಿದ ಆದೇಶದ ನಂತರ ಆ್ಯಸಿಡ್ ಮಾರಾಟದ ಮೇಲೆ ನಿರ್ಬಂಧ, ದಾಖಲೆಗಳ ಹೊಣೆ ಬಂದಿದೆ. ಸೋಡಾದ ವಿಧಾನದಲ್ಲಿ ಈ ತೊಂದರೆಗಳಿಲ್ಲ. ಹಿಡಿದ ಸಮಯಕ್ಕಿಂತ ನಾಲ್ಕು ಗಂಟೆ ಹೆಚ್ಚಾದರೂ ಸಾಮಾನ್ಯ ಕಬ್ಬಿಣದ ಭಾಗ ಕೆಡುವುದಿಲ್ಲ.

ಆದರೂ ಎಚ್ಚರಿಕೆ ಬೇಕು. ಐದು ಆಂಪಿಯರ್ ವಿದ್ಯುತ್ ಹನ್ನೆರಡು ಗಂಟೆ ಹರಿದರೆ ಸುಮಾರು 27 ಲೀಟರ್ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಜಲಜನಕ ಸೇರಿದರೂ ಒಂದು ಕಿಡಿಗೆ ಅದು ಹೊತ್ತಿಕೊಳ್ಳಬಲ್ಲದು. ಬಾಗಿಲು ಮುಚ್ಚಿದ ಗೋದಾಮಿನ ಮೂಲೆಯಲ್ಲಿ, ವೆಲ್ಡಿಂಗ್ ನಡೆಯುವ ಸ್ಥಳದಲ್ಲಿ, ಬೀಡಿ ಸೇದುವವರ ಪಕ್ಕದಲ್ಲಿ ಈ ಬಕೆಟ್ ಇರಕೂಡದು. ತೆರೆದ ಪಡಸಾಲೆ ಅಥವಾ ತಗಡಿನ ನೆರಳೇ ಇದಕ್ಕೆ ಯೋಗ್ಯ ಸ್ಥಳ. ಪೆಟ್ರೋಲ್ ಟ್ಯಾಂಕಿನ ಒಳಗಿನ ಜಂಗು ತೆಗೆಯಲು ಮನೆಯಲ್ಲಿ ಯತ್ನಿಸದಿರುವುದೇ ಲೇಸು. ಉಳಿದ ಪೆಟ್ರೋಲ್ ಆವಿ ಮತ್ತು ಜಲಜನಕ ಒಂದೆಡೆ ಸೇರಿದರೆ ಆಗುವ ಅನಾಹುತಕ್ಕೆ ಯಾವ ಲಾಭವೂ ಸಮನಲ್ಲ.

ಸರಳಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಬಳಸಿದರೆ ಅದು ಬೇಗ ಕರಗುವುದಿಲ್ಲವೆಂಬ ಸಲಹೆ ಕೇಳಿಬರುತ್ತದೆ. ಇದು ಅಪಾಯಕಾರಿ ಉಳಿತಾಯ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿರುವ ಕ್ರೋಮಿಯಂ ದ್ರಾವಣಕ್ಕಿಳಿದು ಕ್ಯಾನ್ಸರ್‌ಕಾರಕ ರೂಪ ತಾಳಬಲ್ಲದು. ಆ ನೀರು ಹಳ್ಳಕ್ಕೆ, ಬಾವಿಗೆ ಸೇರಿದರೆ ಹಾನಿ ಒಬ್ಬ ವ್ಯಾಪಾರಿಗೆ ಸೀಮಿತವಾಗಿ ಉಳಿಯುವುದಿಲ್ಲ. ಸಾಧಾರಣ ಉಕ್ಕಿನ ಸರಳಿನಿಂದ ಬರುವ ಗಸಿ ಬಹುಮಟ್ಟಿಗೆ ಕಬ್ಬಿಣದ್ದೇ. ಆದರೆ ಹಳೆಯ ಬಣ್ಣದಲ್ಲಿ ಸೀಸ, ಹಳೆಯ ಬೋಲ್ಟ್‌ಗಳ ಲೇಪದಲ್ಲಿ ಕ್ಯಾಡ್ಮಿಯಂ ಇರುವ ಸಂಭವ ಇರುವುದರಿಂದ ಗಸಿಯನ್ನು ಚರಂಡಿಗೆ ಚೆಲ್ಲದೆ ಒಣಗಿಸಿ ಬೇರೆಯಾಗಿ ಇಡಬೇಕು.

ಮುಟ್ಟಬಾರದ ಭಾಗಗಳು

ಎಲ್ಲ ಲೋಹಕ್ಕೂ ಈ ವಿಧಾನ ಸಲ್ಲುವುದಿಲ್ಲ. ವಿಜಯಪುರದವರು ಲೋಹಗಳ ಭೇದವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಷೇರ್ಜಾ ಬುರುಜಿನ ಮೇಲಿರುವ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್–ಎ–ಮೈದಾನ್ ತೋಪು ಕಂಚಿನದು. ಅದಕ್ಕೆ ಕೆಂಪು ಜಂಗು ಹಿಡಿಯುವುದೇ ಇಲ್ಲ. ಉಪ್ಪಲಿ ಬುರುಜಿನ ಉದ್ದನೆಯ ತೋಪು ಕಬ್ಬಿಣದ ಪಟ್ಟಿಗಳನ್ನು ಬಳೆಗಳಿಂದ ಬಿಗಿದು ಮಾಡಿದ್ದು. ಬಕೆಟ್‌ಗೆ ಇಳಿಸುವ ಮುನ್ನ ಇದೇ ಪ್ರಶ್ನೆ ಕೇಳಬೇಕು: ಇದು ಕಬ್ಬಿಣವೋ, ಬೇರೆ ಲೋಹವೋ? ಕಾರ್ಬ್ಯುರೇಟರ್, ಕ್ರ್ಯಾಂಕ್ ಕೇಸ್ ಮುಂತಾದ ಅಲ್ಯೂಮಿನಿಯಂ ಭಾಗಗಳನ್ನು ಕ್ಷಾರ ದ್ರಾವಣ ಕರಗಿಸುತ್ತದೆ. ಸತುವಿನ ಲೇಪವೂ ಉಳಿಯುವುದಿಲ್ಲ.

ಅದಕ್ಕಿಂತ ಗಂಭೀರವಾದುದು ಬಲದ ಪ್ರಶ್ನೆ. ಗಟ್ಟಿಗೊಳಿಸಿದ ಉಕ್ಕಿನೊಳಗೆ ಜಲಜನಕ ಇಳಿದರೆ ಆ ಉಕ್ಕು ಪೆಡಸಾಗುತ್ತದೆ. ಹೊರಗೆ ಹೊಸದರಂತೆ ಕಾಣುವ ಬೋಲ್ಟ್ ಭಾರ ಬಿದ್ದಾಗ ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯಬಹುದು. ಆದ್ದರಿಂದ ಸ್ಪ್ರಿಂಗ್‌ಗಳು, ಟಾರ್ಷನ್ ಬಾರ್, ತಲೆಯ ಮೇಲೆ 10.9 ಅಥವಾ 12.9 ಎಂಬ ಗುರುತುಳ್ಳ ಬೋಲ್ಟ್‌ಗಳು, ಸ್ಟಿಯರಿಂಗ್‌ನ ಜೋಡಣೆಗಳು, ಬ್ರೇಕ್‌ನ ಒತ್ತಡ ತಾಳುವ ಭಾಗಗಳು ಇವನ್ನು ಈ ಬಕೆಟ್‌ಗೆ ಇಳಿಸಬಾರದು. ಬೇರಿಂಗ್‌ಗಳಂತೂ ಜಂಗು ಹಿಡಿದು ಕುಳಿ ಬಿದ್ದ ಮೇಲೆ ಯಾವ ವಿಧಾನದಿಂದಲೂ ಸರಿಹೋಗುವುದಿಲ್ಲ. ವಿದ್ಯುತ್ತು ಜಂಗನ್ನು ತೆಗೆಯಬಲ್ಲದು. ಜಂಗು ತಿಂದ ಲೋಹವನ್ನು ಮರಳಿಸಲಾರದು.

ಬ್ರಾಕೆಟ್, ಸ್ಟ್ಯಾಂಡ್, ಹಿಡಿಕೆ, ಟೂಲ್ ಬಾಕ್ಸ್, ಬೀಡು ಕಬ್ಬಿಣದ ಮ್ಯಾನಿಫೋಲ್ಡ್, ಪುಲ್ಲಿ, ಸಿಂಪರಣಾ ಯಂತ್ರದ ಚೌಕಟ್ಟು, ಕ್ಲಾಂಪ್, ಸಾಧಾರಣ ನಟ್–ಬೋಲ್ಟ್, ಕೈ ಉಪಕರಣಗಳು ಈ ವಿಧಾನಕ್ಕೆ ತಕ್ಕವು. ವ್ಯಾಪಾರದ ದೃಷ್ಟಿಯಿಂದ ಇಷ್ಟು ಪಟ್ಟಿಯೇ ಸಣ್ಣದೇನಲ್ಲ.

ಖರ್ಚು–ಆದಾಯದ ಲೆಕ್ಕ

ಹನ್ನೆರಡು ವೋಲ್ಟ್, ಐದು ಆಂಪಿಯರ್, ಹನ್ನೆರಡು ಗಂಟೆ ಎಂದರೆ 720 ವ್ಯಾಟ್–ಗಂಟೆ. ಚಾರ್ಜರ್‌ನಲ್ಲಾಗುವ ನಷ್ಟ ಸೇರಿದರೂ ಒಂದು ರಾತ್ರಿಗೆ ಹೆಚ್ಚುಕಡಿಮೆ ಒಂದು ಯೂನಿಟ್. ಇಷ್ಟು ಕಡಿಮೆ ಖರ್ಚನ್ನು ಕಂಡು ಉಳಿದದ್ದೆಲ್ಲ ಲಾಭವೆಂದು ತಿಳಿಯುವವರು ಮುಂದಿನ ಲೆಕ್ಕವನ್ನು ನೋಡಬೇಕು. ಇಲ್ಲಿಯ ಮೊತ್ತಗಳು ಉದಾಹರಣೆಗಾಗಿ ಹಿಡಿದವು; ಪ್ರತಿಯೊಬ್ಬರೂ ತಮ್ಮ ಅಂಗಡಿಯ ಮೊತ್ತಗಳನ್ನು ಹಾಕಿಕೊಳ್ಳಬಹುದು.

ನಾಲ್ಕು ಕಿಲೋ ತೂಕದ ಹಳೆಯ ಭಾಗವೊಂದನ್ನು ರೂ. 150ಕ್ಕೆ ಕೊಂಡರೆಂದು ಇಟ್ಟುಕೊಳ್ಳಬಹುದು. ಕಿಲೋಗೆ ರೂ. 30ರಂತೆ ಗುಜರಿ ಬೆಲೆ ರೂ. 120. ಶುದ್ಧಗೊಳಿಸಿದ ಮೇಲೆ ತೆರಿಗೆ ಸೇರಿ ಮಾರಾಟ ಬೆಲೆ ರೂ. 500. ಒಂದು ಭಾಗಕ್ಕೆ ಸೋಡಾ ಮತ್ತು ವಿದ್ಯುತ್ತಿಗೆ ರೂ. 25, ಕೂಲಿಗೆ ರೂ. 70, ಎಣ್ಣೆ ಹಾಗೂ ಪ್ರೈಮರ್‌ಗೆ ರೂ. 30, ಒಟ್ಟು ರೂ. 125. ನಾಲ್ಕು ಭಾಗಗಳನ್ನು ಕೊಂಡು ಶುದ್ಧಗೊಳಿಸಲು ರೂ. 1,100 ತಗಲುತ್ತದೆ. ಜಂಗು ಹೋದ ಮೇಲೆ ಅವುಗಳಲ್ಲೊಂದು ಕುಳಿ ಬಿದ್ದು ನಿರುಪಯೋಗಿ ಎಂದು ಕಂಡರೆ, ಮೂರರ ಮಾರಾಟ ರೂ. 1,500, ಗುಜರಿ ರೂ. 120, ಉಳಿಯುವುದು ರೂ. 520. ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ನಡುವಿನ ರೂ. 350ರ ಅಂತರದಲ್ಲಿ ಶೇಕಡಾ 18ರ ದರದ ತೆರಿಗೆ ಭಾಗವೊಂದಕ್ಕೆ ಸುಮಾರು ರೂ. 53. ಅದನ್ನು ಕಳೆದರೆ ಕೈಗೆ ಬರುವುದು ಸುಮಾರು ರೂ. 360.

ನಾಲ್ಕರಲ್ಲಿ ಎರಡು ಭಾಗ ಕೆಟ್ಟಿದ್ದರೆ? ಮಾರಾಟ ರೂ. 1,000, ಗುಜರಿ ರೂ. 240, ತೆರಿಗೆ ಕಳೆದು ಉಳಿಯುವುದು ರೂ. 35ರ ಒಳಗೆ. ಮೂರು ಕೆಟ್ಟಿದ್ದರೆ ರೂ. 240 ನಷ್ಟ, ತೆರಿಗೆ ಅದರ ಮೇಲೆ. ವಿದ್ಯುತ್ ದರ ಇಮ್ಮಡಿಯಾದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಒಂದು ಭಾಗದ ಆಯ್ಕೆ ತಪ್ಪಿದರೆ ಪೂರ್ತಿ ಬದಲಾಗುತ್ತದೆ. ಆದ್ದರಿಂದ ಈ ಉದ್ಯೋಗದಲ್ಲಿ ಬಂಡವಾಳವೆಂದರೆ ಚಾರ್ಜರ್ ಅಲ್ಲ, ಕೊಳ್ಳುವವನ ಕಣ್ಣು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನಾದ ಕೇಳುವುದು, ತಂತಿ ಬ್ರಷ್‌ನಿಂದ ಎರಡು ಕಡೆ ಉಜ್ಜಿ ಕುಳಿಯ ಆಳ ನೋಡುವುದು, ತೂಕವನ್ನು ಹೊಸ ಭಾಗದ ತೂಕದೊಂದಿಗೆ ಹೋಲಿಸುವುದು ಇವು ಐದು ನಿಮಿಷದ ಕೆಲಸಗಳು. ಆ ಐದು ನಿಮಿಷ ಉಳಿಸಲು ಹೋದವರು ರಾತ್ರಿಯಿಡೀ ಗುಜರಿಯನ್ನು ತೊಳೆದಂತಾಗುತ್ತದೆ.

ಇದೇ ಕಾರಣಕ್ಕೆ, ಹೊಸದು ಅಗ್ಗವಾಗಿ ಸಿಗುವ ಭಾಗಗಳಿಗೆ ಈ ಶ್ರಮ ವ್ಯರ್ಥ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳಿಗೆಲ್ಲ ಶೇಕಡಾ 18ರ ಏಕರೂಪ ಜಿ.ಎಸ್.ಟಿ. ದರ ಜಾರಿಗೆ ಬಂದು, ಮೊದಲು ಶೇಕಡಾ 28 ಇದ್ದ ಭಾಗಗಳ ತೆರಿಗೆ ಕಡಿಮೆಯಾಯಿತು. ತಯಾರಿಕೆ ನಿಂತುಹೋದ ಮಾದರಿಗಳ ಭಾಗಗಳಲ್ಲಿ ಮಾತ್ರ ಈ ಕೆಲಸಕ್ಕೆ ನಿಜವಾದ ಬೆಲೆ ಇದೆ.

ದಾಸ್ತಾನು, ತೆರಿಗೆ, ದಾಖಲೆ

ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಪತ್ರ ಮಾನದಂಡ 2ರ ನಿಯಮ. ಜಂಗು ಹಿಡಿದ ಸರಕನ್ನು ಹತ್ತು ವರ್ಷ ಹಳೆಯ ಖರೀದಿ ಬೆಲೆಗೇ ತೋರಿಸುತ್ತ ಹೋದರೆ ಇಲ್ಲದ ಲಾಭವನ್ನು ತೋರಿಸಿದಂತೆ. ಆದರೆ ಒಮ್ಮೆಗೇ ಬರೆದು ತೆಗೆಯುವುದೂ ಉಚಿತವಲ್ಲ. ಜಿ.ಎಸ್.ಟಿ. ಕಾಯಿದೆಯ 17(5)ನೆಯ ಪ್ರಕರಣದ ಪ್ರಕಾರ ಬರೆದು ತೆಗೆದ ಸರಕಿನ ಮೇಲೆ ಪಡೆದಿದ್ದ ಹೂಡುವಳಿ ತೆರಿಗೆಯ ಜಮೆಯನ್ನು ಮರಳಿಸಬೇಕಾಗುತ್ತದೆ. ಒಂದು ಬಕೆಟ್ ಸೋಡಾ ನೀರು ಆ ಸರಕನ್ನು ಮಾರಾಟಕ್ಕೆ ತರಬಲ್ಲದಾದರೆ ಸರಕಿನ ಜೊತೆ ತೆರಿಗೆಯ ಜಮೆಯೂ ಉಳಿಯುತ್ತದೆ.

ಬಳಸಿದ ಭಾಗಗಳ ವ್ಯವಹಾರಕ್ಕೆ ಬೇರೆ ನಿಯಮವಿದೆ. ಹಳೆಯ ಸರಕನ್ನು ಕೊಂಡು, ಹಾಗೆಯೇ ಅಥವಾ ಅದರ ಸ್ವರೂಪ ಬದಲಾಗದಂತೆ ಸಣ್ಣ ಸಂಸ್ಕರಣೆ ಮಾಡಿ ಮಾರುವ ವ್ಯಾಪಾರಿ, ಖರೀದಿಯ ಮೇಲೆ ತೆರಿಗೆ ಜಮೆ ಪಡೆದಿರದಿದ್ದರೆ, ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಇದು ಜಿ.ಎಸ್.ಟಿ. ನಿಯಮಾವಳಿಯ 32(5)ನೆಯ ನಿಯಮ. ಜಂಗು ತೆಗೆದು ಎಣ್ಣೆ ಹಚ್ಚುವುದರಿಂದ ವಸ್ತುವಿನ ಸ್ವರೂಪ ಬದಲಾಗುವುದಿಲ್ಲ; ಕತ್ತರಿಸಿ, ಬೆಸುಗೆ ಹಾಕಿ ಬೇರೊಂದು ಭಾಗವಾಗಿಸಿದರೆ ಪ್ರಶ್ನೆ ಏಳುತ್ತದೆ. ಮಾರಾಟವಾಗದೆ ಜಂಗು ಹಿಡಿದ ಹೊಸ ಸರಕು ಬಳಸಿದ ಸರಕಲ್ಲವಾದ್ದರಿಂದ ಅದಕ್ಕೆ ಈ ರಿಯಾಯಿತಿ ಸಲ್ಲದು.

ಗುಜರಿ ಮತ್ತು ಬಿಡಿಭಾಗದ ಭೇದ ಇಲ್ಲಿ ಮಹತ್ವ ಪಡೆಯುತ್ತದೆ. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದ ಗುಜರಿ ವ್ಯಾಪಾರಿಯಿಂದ ಲೋಹದ ಗುಜರಿಯನ್ನು ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ಅದರ ತೆರಿಗೆಯನ್ನು ಕಟ್ಟಬೇಕು. ತೂಕದ ಮೇಲೆ ಗುಜರಿ ಎಂದು ಕೊಂಡು, ಮನೆಗೆ ಬಂದ ಮೇಲೆ ಬಿಡಿಭಾಗವೆಂದು ಬರೆಯುವುದು ಮುಂದೆ ತೊಂದರೆಗೆ ದಾರಿ. ಕೊಳ್ಳುವಾಗಲೇ ಭಾಗದ ಹೆಸರು, ಮಾದರಿ, ಸ್ಥಿತಿ, ಬೆಲೆ, ಮಾರಿದವರ ವಿವರ, ಸಹಿ ಇವುಳ್ಳ ಖರೀದಿ ಚೀಟಿ ಆಗಬೇಕು ಮತ್ತು ಅದರಲ್ಲಿ ಬರೆದದ್ದು ವಾಸ್ತವವಾಗಿರಬೇಕು.

ಇದೇ ಚೀಟಿ ಮತ್ತೊಂದು ಆಪತ್ತಿನಿಂದಲೂ ಕಾಯುತ್ತದೆ. ಕದ್ದ ವಾಹನದ ಭಾಗಗಳು ಗುಜರಿಯ ದಾರಿಯಲ್ಲಿಯೇ ಹರಿದು ಬರುತ್ತವೆ. ಕಳವಿನ ಮಾಲೆಂದು ತಿಳಿದು, ಇಲ್ಲವೇ ತಿಳಿಯಲು ಕಾರಣವಿದ್ದೂ ಅದನ್ನು ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ ಅಪರಾಧ. ಜಂಗಿನಡಿ ಮುಚ್ಚಿದ್ದ ಎಂಜಿನ್ ಅಥವಾ ಚಾಸಿಯ ಸಂಖ್ಯೆ ಈ ವಿಧಾನದಿಂದ ಸ್ಪಷ್ಟವಾಗಿ ಕಾಣಬಲ್ಲದು. ಹಾಗೆ ಕಂಡ ಸಂಖ್ಯೆಯನ್ನು ದಾಖಲಿಸಿಕೊಳ್ಳಬೇಕೇ ಹೊರತು ಗ್ರೈಂಡರ್ ಹಿಡಿಯಬಾರದು.

ಗ್ರಾಹಕನ ವಿಶ್ವಾಸ

ಶುದ್ಧವಾದ ಹಳೆಯ ಭಾಗಕ್ಕೆ ಕಪ್ಪು ಬಣ್ಣ ಹೊಡೆದು ಪೊಟ್ಟಣದಲ್ಲಿಟ್ಟರೆ ಅದು ಹೊಸದರಂತೆಯೇ ಕಾಣುತ್ತದೆ. ಈ ಉದ್ಯೋಗದ ದೊಡ್ಡ ಆಮಿಷ ಇದೇ. ಹಳೆಯ ಅಥವಾ ನವೀಕರಿಸಿದ ವಸ್ತುವನ್ನು ಹೊಸದೆಂದು ಸುಳ್ಳು ಹೇಳಿ ಮಾರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಸ್ಪಷ್ಟವಾಗಿ ಹೆಸರಿಸಿದೆ. ವಸ್ತುವಿನಲ್ಲಿ ಗಣನೀಯ ಮಾರ್ಪಾಡು ಮಾಡಿ, ಅದರಿಂದ ಹಾನಿಯಾದರೆ ಮಾರಾಟಗಾರನ ಮೇಲೂ ಹೊಣೆ ಬರುತ್ತದೆ. ಕಾಯಿದೆಯ ಮಾತು ಒತ್ತಟ್ಟಿಗಿರಲಿ; ತಿಕೋಟಾದಂತಹ ಊರಿನಲ್ಲಿ ಗ್ರಾಹಕ ಮೋಸ ಹೋದರೆ ನ್ಯಾಯಾಲಯಕ್ಕೆ ಹೋಗುವ ಮೊದಲು ಮುಂದಿನ ಅಂಗಡಿಗೆ ಹೋಗುತ್ತಾನೆ, ತನ್ನ ಜೊತೆ ಹತ್ತು ಜನರನ್ನು ಕರೆದೊಯ್ಯುತ್ತಾನೆ.

ಆದ್ದರಿಂದ ಬಿಲ್ಲಿನ ಮೇಲೆ ‘ಬಳಸಿದ ಭಾಗ, ಜಂಗು ತೆಗೆದು ಶುದ್ಧಗೊಳಿಸಿದ್ದು’ ಎಂದು ಬರೆಯುವುದು ಕ್ಷೇಮ. ಇದರಿಂದ ಬೆಲೆ ಇಳಿಯುತ್ತದೆಂಬ ಅಂಜಿಕೆ ಸರಿಯಲ್ಲ. ಹಳೆಯ ಯೆಜ್ಡಿಯ ಮಾಲೀಕ ಹುಡುಕುವುದೇ ಹಳೆಯ ಅಸಲು ಭಾಗವನ್ನು. ಅವನಿಗೆ ‘ಹೊಸದು’ ಎಂದರೆ ನಕಲು ಎಂಬ ಸಂಶಯ ಬರುತ್ತದೆ. ‘ಹಳೆಯದು, ಶುದ್ಧ’ ಎಂದರೆ ನಂಬಿಕೆ ಬರುತ್ತದೆ.

ಹಳೆಯ ವಾಹನಗಳನ್ನು ರಸ್ತೆಯಿಂದ ತೆಗೆಯುವುದೇ ಸರ್ಕಾರದ ನೀತಿಯಾಗಿರುವಾಗ ಅವುಗಳ ಭಾಗಗಳಿಗೆ ಜೀವ ಕೊಡುವುದು ತರವೇ ಎಂಬ ಆಕ್ಷೇಪವಿದೆ. 2021ರ ವಾಹನ ಗುಜರಿ ನೀತಿ ಯೋಗ್ಯತಾ ಪರೀಕ್ಷೆಯಲ್ಲಿ ಸೋತ ವಾಹನಗಳನ್ನು ಗುರಿಯಾಗಿಸಿದೆ. ಯೋಗ್ಯವಾದ ವಾಹನದ ದುರಸ್ತಿಯನ್ನು ಅದು ನಿಷೇಧಿಸಿಲ್ಲ. ಅದೇ ವರ್ಷ ಐವತ್ತು ವರ್ಷ ಮೀರಿದ ವಾಹನಗಳ ನೋಂದಣಿಗೂ ಪ್ರತ್ಯೇಕ ನಿಯಮಗಳು ಬಂದಿವೆ. ಸಿಂಪರಣಾ ಯಂತ್ರದ ಚೌಕಟ್ಟು, ಟ್ರಾಲಿಯ ಕ್ಲಾಂಪು ಹೊಗೆ ಉಗುಳುವುದಿಲ್ಲ. ಅವುಗಳನ್ನು ಕುಲುಮೆಗೆ ಕಳಿಸಿ ಮತ್ತೆ ಕರಗಿಸುವುದಕ್ಕಿಂತ ಒಂದು ಯೂನಿಟ್ ವಿದ್ಯುತ್ತಿನಿಂದ ಉಳಿಸಿಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಮಿತವ್ಯಯ.

ಸಂಘಟನೆಗಳು ಮಾಡಬೇಕಾದದ್ದು

ಪ್ರತಿಯೊಂದು ಅಂಗಡಿಯೂ ತಾನೇ ಪ್ರಯೋಗ ಮಾಡಿ, ತಾನೇ ಕೆಟ್ಟು ಕಲಿಯಬೇಕಾಗಿಲ್ಲ. ವ್ಯಾಪಾರಸ್ಥರ ಸಂಘಟನೆಗಳು ಕೈಗಾರಿಕಾ ತರಬೇತಿ ಸಂಸ್ಥೆಗಳ ಸಹಕಾರದಿಂದ ವಿಜಯಪುರ, ತಿಕೋಟಾ, ಬಬಲೇಶ್ವರಗಳಲ್ಲಿ ಒಂದೊಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಇಳಿಸಬಹುದಾದ ಮತ್ತು ಇಳಿಸಬಾರದ ಭಾಗಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಗ್ಯಾರೇಜುಗಳ ಗೋಡೆಗೆ ಅಂಟಿಸಬಹುದು. ಎಲ್ಲರೂ ಬಳಸಬಹುದಾದ ಒಂದೇ ಮಾದರಿಯ ಖರೀದಿ ಚೀಟಿ ಹಾಗೂ ಬಿಲ್ಲಿನ ಒಕ್ಕಣೆಯನ್ನು ಸಿದ್ಧಪಡಿಸಬಹುದು. ಗಸಿಯನ್ನು ಒಂದೆಡೆ ಸಂಗ್ರಹಿಸಿ ವಿಲೇವಾರಿ ಮಾಡುವ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಲಹೆ ಪಡೆಯಬಹುದು. ಇವುಗಳಿಗೆ ದೊಡ್ಡ ಅನುದಾನ ಬೇಕಿಲ್ಲ.

ಮುಂದಿನ ಮಾರ್ಚ್ ಎಣಿಕೆಗೆ ಮೊದಲು ಹಿಂದಿನ ಕೋಣೆಯ ಸರಕನ್ನು ಮೂರು ರಾಶಿಯಾಗಿ ವಿಂಗಡಿಸುವುದರಿಂದ ಆರಂಭಿಸಬಹುದು: ಸೋಡಾ ನೀರಿಗೆ ಇಳಿಸತಕ್ಕವು, ಈಗಲೇ ಗುಜರಿಗೆ ಕಳಿಸತಕ್ಕವು, ಸುರಕ್ಷತೆಯ ಕಾರಣದಿಂದ ಮರುಬಳಕೆಗೆ ಎಂದೂ ಮಾರಬಾರದವು. ಮೂರನೆಯ ರಾಶಿಯನ್ನು ಸುತ್ತಿಗೆಯಿಂದ ಒಡೆದು ಅಥವಾ ಕತ್ತರಿಸಿಯೇ ಗುಜರಿಗೆ ಕೊಡುವುದು ಒಳ್ಳೆಯದು. ಇಲ್ಲವಾದರೆ ಅದೇ ಭಾಗ ಬೇರೊಬ್ಬನ ಬಕೆಟ್‌ನಿಂದ ಹೊಸ ಬಣ್ಣದಲ್ಲಿ ಎದ್ದು ಯಾವುದೋ ವಾಹನಕ್ಕೆ ಸೇರುವ ಸಂಭವವಿದೆ.